ಹೊಸ್ತಿಲು ಮುಳುಗುವ ಹೊತ್ತು

ದೋಣಿಗಳು ನಿಲ್ಲುವ ಧಕ್ಕೆಯ ತುದಿಯ ಕೋಣೆಗೆ ಮೇಸ್ತ್ರಿ ಬಂದಾಗ ಗೇಣಮ್ಮ ಬೆಳಗಿನ ನೀರಿನ ಮಟ್ಟ ಬರೆದು ಮುಗಿಸಿದ್ದಳು. ಬಾಯಿಗೆ ಬಿಡುವಿಲ್ಲದ ಮನುಷ್ಯ ಅಂದು ತುಟಿ ಬಿಚ್ಚದೆ ಒಳಗೆ ಬಂದದ್ದು ಕಂಡೇ ಅವಳಿಗೆ ದಿಗಿಲಾಯಿತು. ಅವನು ಮೇಜಿನ ಮೇಲೆ ಒಂದು ಹಿಡಿ ಮರಳು ಸುರಿದ. ಅದರಲ್ಲಿ ಚಿಪ್ಪುಗಳಿದ್ದವು, ಮೀನಿನ ಮುಳ್ಳೂ ಇತ್ತು.

"ಹೊಸ ಶಾಲೆಯ ಪಾಯ ಅಗೆಯುವಾಗ ಸಿಕ್ಕಿದ್ದು," ಎಂದ. "ಇದು ಸಮುದ್ರ ತಂದು ಹಾಕಿದ ಮರಳು, ತಾಯಿ. ನನ್ನ ಮೊಮ್ಮಗಳೂ ಅಲ್ಲೇ ಕೂತು ಓದಬೇಕು. ಕಲ್ಲಿಡೋಕೆ ನನಗೆ ಕೈ ಬರ್ತಿಲ್ಲ."

ಅವನು ಮೊದಲು ಪುರಸಭೆಗೇ ಹೋಗಿದ್ದನಂತೆ. ಅಧ್ಯಕ್ಷರು ನೀರಿನ ಪುಸ್ತಕ ತೋರಿಸಿದರಂತೆ. ಹಳೆಯ ಅಳತೆಯಂತೆ ಶಾಲೆಯ ಬಯಲು ಇರುವುದು ಹನ್ನೆರಡು ಗೇಣಿನ ಎತ್ತರದಲ್ಲಿ. ನಲವತ್ತು ವರ್ಷಗಳಲ್ಲಿ ನೀರು ಹನ್ನೊಂದನ್ನು ದಾಟಿಲ್ಲ. ಇದಕ್ಕಿಂತ ಹಳೆಯ ಸಾಕ್ಷಿ ಇದ್ದರೆ ಶನಿವಾರದೊಳಗೆ ತನ್ನಿ, ಇಲ್ಲದಿದ್ದರೆ ಸೋಮವಾರ ಕೆಲಸ ಶುರು ಎಂದರಂತೆ.

ಆ ಪುಸ್ತಕ ಬರೆದವನು ಗೇಣಮ್ಮನ ಅಪ್ಪ. ಅವನ ನಂತರ ಅವಳು. ಮಾತೆತ್ತಿದರೆ ಗೇಣಿನ ಲೆಕ್ಕ ಹೇಳುವವಳೆಂದು ಊರು ಅವಳಿಗೆ ಆ ಹೆಸರಿಟ್ಟಿತ್ತು. ಪುಸ್ತಕಕ್ಕಿಂತ ಹಳೆಯ ಸಾಕ್ಷಿ ಒಂದೇ ಒಂದು ಎಂಬುದೂ ಅವಳಿಗೆ ಗೊತ್ತಿತ್ತು. ಉತ್ತರದ ಭೂಶಿರದ ಅಡಿಯಲ್ಲಿ ಒಂದು ಗವಿ. ಅಜ್ಜ, ಅವನ ಅಪ್ಪ, ಅವನ ಅಪ್ಪ, ಎಲ್ಲರೂ ನೀರು ಭಾರಿಯಾಗಿ ಏರಿದ ವರ್ಷ ಅದರ ಗೋಡೆಗೆ ಒಂದು ಗೆರೆ ಕೊರೆಯುತ್ತಿದ್ದರು. ಅವಳಿಗೆ ಹತ್ತು ವರ್ಷವಿದ್ದಾಗ ಬಿರುಗಾಳಿಗೆ ಧಕ್ಕೆಯ ಅಳತೆಕಂಬ ಮುರಿಯಿತು. ಅಪ್ಪ ಹೊಸ ಕಂಬ ನಿಲ್ಲಿಸಿ ಪುಸ್ತಕ ಶುರು ಮಾಡಿದ. ಗವಿಯನ್ನು ಬಿಟ್ಟ.

"ಅಮಾವಾಸ್ಯೆ ನಾಳೆ," ಎಂದಳು ಅವಳು. "ಕಂಬದಲ್ಲಿ ನೀರು ಎರಡು ಗೇಣಿಗೆ ಇಳಿದಾಗ ಗವಿಯ ಹೊಸ್ತಿಲು ಕಾಣುತ್ತೆ, ಅಜ್ಜನ ಲೆಕ್ಕ ಅದು. ಒಂಬತ್ತಕ್ಕೆ ಕಾಣುತ್ತೆ, ಹನ್ನೊಂದಕ್ಕೆ ಮುಳುಗುತ್ತೆ. ಎರಡು ಗಂಟೆ ಸಾಕು."

ದೋಣಿ ಅವಳ ತಮ್ಮನದು. ಅಪ್ಪನ ಹೆಸರೆತ್ತಿದರೆ ಎದೆಯುಬ್ಬಿಸುವವನು. ಅಪ್ಪನ ಪುಸ್ತಕವನ್ನು ಇನ್ನೊಬ್ಬರು ಪರೀಕ್ಷೆ ಮಾಡುವುದೇ ಎಂದು ರಾತ್ರಿಯೆಲ್ಲ ಗೊಣಗಿದನಂತೆ. ಆದರೂ ಬೆಳಗ್ಗೆ ಹುಟ್ಟು ಹಿಡಿದು ಕೂತಿದ್ದ.

ಅಳಿವೆ ಅಂದು ಮಂಕಾಗಿತ್ತು. ಒಂದು ಕಾಲಕ್ಕೆ ಹಡಗುಗಳು ಒಳಗೆ ಬರುತ್ತಿದ್ದ ದಾರಿ ಈಗ ಮೊಣಕಾಲಾಳದ ಕೆಸರುನೀರು. ಹಳೆಯ ಉಪ್ಪಿನ ಗದ್ದೆಗಳ ಒಡ್ಡುಗಳು ಸವೆದು ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿದ್ದವು. ಅವುಗಳ ನಡುವೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಬೇರುಗಳನ್ನು ಮೇಲೆತ್ತಿಕೊಂಡು, ಸೀರೆ ಎತ್ತಿ ನೀರು ದಾಟುವ ಹೆಂಗಸರಂತೆ ನಿಂತಿದ್ದವು. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಮುರಿದ ದೀಪಸ್ತಂಭ ದಾಟಿದ ಮೇಲೆ ಕಡಲು ತೆರೆದುಕೊಂಡಿತು. ಭೂಶಿರದ ಕರಿಬಂಡೆ ಎದುರಿಗೆ ಬಂತು. ಮೇಸ್ತ್ರಿ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಈಜು ಬರುತ್ತಾ ಎಂದು ತಮ್ಮ ಕೇಳಿದ.

"ಕಲ್ಲಿನ ಜೊತೆ ಬಾಳಿದವನಪ್ಪ ನಾನು. ಕಲ್ಲಿನ ಹಾಗೇ ಮುಳುಗ್ತೀನಿ."

ಒಂಬತ್ತಾಯಿತು. ಹೊಸ್ತಿಲು ಕಾಣಲಿಲ್ಲ. ಗವಿಯ ಬಾಯಿಯ ಜಾಗದಲ್ಲಿ ನೀರು ಗುಳುಗುಳು ಎನ್ನುತ್ತಿತ್ತು ಅಷ್ಟೇ. ಗೇಣಮ್ಮ ಗಾಳಿಯನ್ನು ದೂರಿದಳು: ಪಡುವಣ ಗಾಳಿ ನೀರನ್ನು ತಡೆದು ನಿಲ್ಲಿಸಿದೆ. ಒಂಬತ್ತೂವರೆಗೆ ಹಸಿರು ಪಾಚಿಯ ಬಂಡೆಯೊಂದು ಮೆಲ್ಲಗೆ ತಲೆಯೆತ್ತಿತು. ಅದೇ ಹೊಸ್ತಿಲು.

ಅವಳು ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ತಮ್ಮನ ಕೈಗೆ ಕೊಟ್ಟಳು. ಗೇಣಿಗೊಂದು ಗಂಟು ಹಾಕಿದ ಅಳತೆಯ ಹುರಿಯನ್ನು ಕೊರಳಿಗೆ ಸುತ್ತಿಕೊಂಡಳು. ಬಾಯಿ ಎಷ್ಟು ತಗ್ಗೆಂದರೆ ಹೊಟ್ಟೆಯ ಮೇಲೆ ತೆವಳಿಯೇ ನುಗ್ಗಬೇಕು. ಹಿಂದಿನಿಂದ ಮೇಸ್ತ್ರಿ ಮೊಣಕಾಲು ಶಪಿಸುತ್ತ ಬಂದ.

ಒಳಗೆ ಎದ್ದು ನಿಲ್ಲುವಷ್ಟು ಜಾಗವಿತ್ತು. ನೆಲ ಹೊಸ್ತಿಲಿಗಿಂತ ತಗ್ಗು. ಮೇಲಿನ ಸೀಳಿನಿಂದ, ಒಂದು ತೋಳು ತೂರುವಷ್ಟು ಸೀಳು, ಬೆಳಕು ಬೀಳುತ್ತಿತ್ತು. ಆ ಬೆಳಕಿನಲ್ಲಿ ಗೋಡೆಯ ತುಂಬ ಗೆರೆಗಳು. ಕೆಲವು ನೇರ, ಕೆಲವು ಸೊಟ್ಟ, ಒಂದರ ಪಕ್ಕದಲ್ಲಿ ಮುಳುಗಿದ ದೋಣಿಯ ಚಿತ್ರ. ಮೇಸ್ತ್ರಿ ಉಳಿಯ ಗುರುತುಗಳನ್ನು ಬೆರಳಿಂದ ಸವರಿದ. ಒಳ್ಳೆಯ ಕೈ, ಎಂದ. ಅವರು ಅಳೆದರು, ಮತ್ತೆ ಅಳೆದರು. ಎಲ್ಲಕ್ಕಿಂತ ಮೇಲಿನ ಗೆರೆಗೆ ಮೇಸ್ತ್ರಿಯ ಹೆಗಲೇರಿ ನಿಲ್ಲಬೇಕಾಯಿತು. ಹೊಸ್ತಿಲಿನಿಂದ ಹದಿಮೂರು ಗೇಣು. ಅಂದರೆ ಕಂಬದಲ್ಲಿ ಹದಿನೈದು. ಶಾಲೆಯ ಬಯಲಿನ ಮೇಲೆ ಮೂರು ಗೇಣು ನೀರು.

ಅವಳು ಆ ಜಾಗದಲ್ಲಿ ಹುರಿಗೆ ಕೆಂಪು ದಾರ ಕಟ್ಟಿದಳು. ಹೊರಗೆ ತಮ್ಮ ಕೂಗಿದ.

"ಅಕ್ಕಾ, ನೀರು ಬಂತು."

"ಹತ್ತೂವರೆ ಕಣೋ. ಇನ್ನೂ ಅರ್ಧ ಗಂಟೆ ಇದೆ."

ಅವಳ ಮಾತು ಮುಗಿಯುವ ಮೊದಲೇ ಹೊಸ್ತಿಲಿನ ಮೇಲಿಂದ ನೀರಿನ ಹಾಳೆಯೊಂದು ಒಳಗೆ ಜಾರಿತು.

ಪಾದ ಮುಳುಗಿತು. ಮೊಣಕಾಲು ಮುಳುಗಿತು.

ಗವಿಯ ಬಾಯಿ ಅಲೆ ಬಂದಾಗ ಮುಚ್ಚುತ್ತಿತ್ತು, ಅಲೆ ಹಿಂದೆ ಸರಿದಾಗ ಒಂದು ಗೇಣು ತೆರೆಯುತ್ತಿತ್ತು. ಮೇಸ್ತ್ರಿ ಗೋಡೆಗೆ ಬೆನ್ನು ಹಚ್ಚಿ ನಿಂತ.

ಅವಳು ತನ್ನ ಸೊಂಟದ ಹಗ್ಗ ಬಿಚ್ಚಿ ಅವನ ಕಂಕುಳಡಿ ಬಿಗಿದಳು. ಬೇಡ ಎಂದ. ಅವಳು ಕೇಳಲಿಲ್ಲ.

"ಉಸಿರು ಹಿಡಿ. ಕಲ್ಲಾಗಿಬಿಡು. ಮಿಕ್ಕಿದ್ದು ಅವನು ಎಳೀತಾನೆ."

ಅಲೆ ಸರಿಯಿತು. ಹಗ್ಗ ಜಗ್ಗಿದಳು. ಮೇಸ್ತ್ರಿ ಬಂಡೆಗೆ ಉಜ್ಜುತ್ತ ಮಾಯವಾದ.

ಈಗ ನೀರು ಎದೆಮಟ್ಟ. ಹಗ್ಗ ವಾಪಸು ಬರಲಿಲ್ಲ. ಅವಳು ಮೂರು ಅಲೆ ಎಣಿಸಿದಳು. ನಾಲ್ಕನೆಯದು ಹಿಂದೆ ಸರಿಯುವಾಗ ಅದರ ಜೊತೆಯಲ್ಲೇ ಮುಳುಗಿ ನುಗ್ಗಿದಳು. ತಲೆ ಬಂಡೆಗೆ ಬಡಿಯಿತು. ಕೊರಳಿನ ಹುರಿ ಯಾವುದಕ್ಕೋ ಸಿಕ್ಕಿಕೊಂಡಿತು. ಅದನ್ನು ಬಿಟ್ಟು ಬರಬಹುದಿತ್ತು, ಬಿಡಲಿಲ್ಲ. ತಿರುಗಿ ಬಿಡಿಸಿಕೊಂಡಳು. ಎದೆ ಒಡೆಯುತ್ತದೆ ಎನ್ನುವಾಗ ತಮ್ಮನ ಕೈ ಅವಳ ಜಡೆ ಹಿಡಿಯಿತು.

ತಮ್ಮ ದೋಣಿಯನ್ನು ದಡದ ಕಡೆಗೆ ತಿರುಗಿಸಿದ. ಮೇಸ್ತ್ರಿಯ ಬೆನ್ನು ಸುಲಿದಿತ್ತು. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುತ್ತ ಅವಳು ಹೇಳಿದಳು:

"ಹೊಸ್ತಿಲು ಕಂಡದ್ದು ಅರ್ಧ ಗಂಟೆ ತಡ. ಮುಳುಗಿದ್ದು ಅರ್ಧ ಗಂಟೆ ಮೊದಲು. ಗಾಳಿ ಆಗಲೇ ಬಿದ್ದುಹೋಗಿತ್ತು. ಗಾಳಿ ಅಲ್ಲ ಇದು, ಕಂಬ."

ಅವಳಿಗೆ ನೆನಪಾಗಿತ್ತು. ಹೊಸ ಕಂಬ ಕೆಸರಿಗಿಳಿಯದಿರಲೆಂದು ಅಪ್ಪ ಅದರ ಬುಡಕ್ಕೆ ಒಂದು ಚಪ್ಪಡಿ ಕಲ್ಲು ಇಟ್ಟಿದ್ದ. ಆ ಕಲ್ಲಿನ ಒಂದು ಮೂಲೆ ಹಿಡಿದುಕೊಟ್ಟವಳು ಅವಳೇ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಕಲ್ಲಿನ ದಪ್ಪವನ್ನು ಅಪ್ಪ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ. ಅಷ್ಟು ಎತ್ತರಕ್ಕೆ ನಿಂತ ಕಂಬ ನೀರನ್ನು ಅಷ್ಟೇ ಕಡಿಮೆ ತೋರಿಸುತ್ತ ಬಂದಿತ್ತು.

ದಡಕ್ಕೆ ಬಂದವರೇ ಕಂಬದ ಬುಡಕ್ಕಿಳಿದರು. ಮೇಸ್ತ್ರಿ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ಕೆದರಿ, ಉಸಿರು ಹಿಡಿದು ಮುಳುಗಿ ಹುರಿಯಿಂದ ಅಳೆದ. ಚಪ್ಪಡಿಯ ದಪ್ಪ ಸರಿಯಾಗಿ ಒಂದು ಗೇಣು.

"ಇದನ್ನ ಯಾರಿಗೂ ಹೇಳಬೇಡ ಅಕ್ಕ," ಎಂದ ತಮ್ಮ. "ಗವಿಯ ಗೆರೆ ಒಂದೇ ಸಾಕಲ್ವಾ? ಸತ್ತವರನ್ನ ಯಾಕೆ ಎಳೀತೀಯಾ?"

ಗೆರೆ ಸಾಲಲಿಲ್ಲ. ಶನಿವಾರ ಅಧ್ಯಕ್ಷರು ಹುರಿಯನ್ನು ನೋಡಿದರು, ಪುಸ್ತಕವನ್ನು ನೋಡಿದರು. ಬಂಡೆಗೆ ಗೆರೆ ಯಾರು ಬೇಕಾದರೂ ಕೊರೆಯಬಹುದು, ಎಂದೋ ಅಜ್ಜನ ಕಾಲದ ಮಾತು ಅದು, ನಿಮ್ಮಪ್ಪನ ಪುಸ್ತಕವೇ ಬೇರೆ ಹೇಳುತ್ತಿದೆಯಲ್ಲ ಎಂದರು. ಪುಸ್ತಕ ಸುಳ್ಳೇ ಎಂದು ಕೇಳಿದರು.

ತಮ್ಮ ಬಾಗಿಲಲ್ಲಿ ನಿಂತಿದ್ದ. ಗೇಣಮ್ಮ ಅವನತ್ತ ನೋಡಲಿಲ್ಲ.

"ಒಂದು ಗೇಣು ತಪ್ಪು," ಎಂದಳು. "ಅಪ್ಪನದು ಇಪ್ಪತ್ತೆರಡು ವರ್ಷ, ನನ್ನದು ಹದಿನೆಂಟು. ಹನ್ನೊಂದು ಅಂತ ಮೂರು ಸಲ ಬರೆದಿದ್ದೀವಿ. ನಿಜಕ್ಕೂ ಅದು ಹನ್ನೆರಡು, ಮೂರೂ ಸಲ ನೀರು ಶಾಲೆ ಬಯಲಿನ ಅಂಚಿಗೆ ಬಂದು ಹೋಗಿದೆ. ನಾವು ಮಳೆನೀರು ಅಂದುಕೊಂಡ್ವಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಶಾಲೆಯ ಜಾಗ ಬದಲಿಸಲು ಒಪ್ಪಿದರು. ಸೋಮವಾರ ಮೇಸ್ತ್ರಿ ಪಾಯದ ಗುರುತಿನ ಗೂಟಗಳನ್ನು ಕಿತ್ತು ದೀಪಸ್ತಂಭದ ಹಿಂದಿನ ದಿಬ್ಬಕ್ಕೆ ಹೊತ್ತ. ಅಲ್ಲಿ ಕಲ್ಲು ಒಡೆಯುವುದು ಕಷ್ಟ ಎಂದು ಬೈದುಕೊಂಡೇ ಹೊತ್ತ.

ತಮ್ಮ ಇಡೀ ತಿಂಗಳು ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಅವಳು ಪುಸ್ತಕದ ಒಂದೊಂದು ಸಾಲಿಗೂ ಒಂದು ಗೇಣು ಸೇರಿಸಿ ಬರೆಯುತ್ತ ಕೂತಳು. ಅಪ್ಪನ ಅಕ್ಷರ ದುಂಡಗಿತ್ತು. ಅದರ ಮೇಲೆ ಗೆರೆ ಎಳೆಯುವಾಗೆಲ್ಲ ಕೈ ತಡೆಯುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ತಮ್ಮ ದೋಣಿಯನ್ನು ಧಕ್ಕೆಗೆ ತಂದು ನಿಲ್ಲಿಸಿದ. ಅಕ್ಕನನ್ನು ನೋಡದೆ ಮುಖ ಕಡಲಿನ ಕಡೆಗೆ ತಿರುಗಿಸಿಕೊಂಡಿದ್ದ.

"ಎಷ್ಟು ಹೊತ್ತಿಗೆ ಕಾಣುತ್ತೆ?"

"ತಿದ್ದಿದ ಲೆಕ್ಕಕ್ಕೆ ಒಂಬತ್ತು ಮುಕ್ಕಾಲು."

ಮೂವರೂ ಹೋದರು. ಮೇಸ್ತ್ರಿ ಉಳಿ, ಸುತ್ತಿಗೆ ತಂದಿದ್ದ. ಹನ್ನೊಂದು ಎಂದು ಬರೆದ ಆ ಮೂರು ವರ್ಷಗಳಿಗೆ ಮೂರು ಗೆರೆ ಬಾಕಿ ಇದ್ದವು. ಬಂಡೆಯ ಮುಂದೆ ದೋಣಿ ನಿಲ್ಲಿಸಿ ತಮ್ಮ ಗಡಿಯಾರ ನೋಡುತ್ತ ಕೂತ. ಮುಳ್ಳು ಒಂಬತ್ತು ಮುಕ್ಕಾಲಿಗೆ ಬಂತು. ಹಸಿರು ಪಾಚಿಯ ಹೊಸ್ತಿಲು ನೀರಿನಿಂದ ತಲೆಯೆತ್ತಿತು.

ತಮ್ಮ ಹಗ್ಗವನ್ನು ಅಕ್ಕನ ಸೊಂಟಕ್ಕೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿದ.