ಬೋರ್ಡು ಯಾರಿಗೆ ಹೇಳುತ್ತದೆ?

"ಯಾರು ಹೇಳುವುದು ಅಂತ ಬರೆದಾಯ್ತು. ಯಾರಿಗೆ ಅಂತ ಬರೀಲಿಕ್ಕೆ ಇಷ್ಟು ಹೊತ್ತು ಎಂತಕ್ಕೆ?" ಗಲ್ಲಾದಲ್ಲಿ ಕೂತಿದ್ದ ಪಪ್ಪ ಕೇಳಿದರು.

ರಮಿತಾ ಪೆನ್ಸಿಲ್ ಕಚ್ಚುತ್ತಿದ್ದಳು. ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಆ ಪುಟ್ಟ ಹೋಟೆಲು ಪಪ್ಪನದೇ. ಸ್ಕೂಲಿನ ಹೋಮ್‌ವರ್ಕೆಲ್ಲ ಅವಳು ಅಲ್ಲೇ ಮೂಲೆ ಟೇಬಲಿನಲ್ಲಿ ಮಾಡುವುದು.

ಈ ಸಲ ಲೋಲಾಕ್ಷಿ ಟೀಚರ್ ಒಂದು ವಿಚಿತ್ರ ಪ್ರಾಜೆಕ್ಟ್ ಕೊಟ್ಟಿದ್ದರು. ಮನೆ ಹತ್ತಿರದ ಯಾವುದಾದರೂ ಬೋರ್ಡು ಓದಬೇಕು. ಸುಮ್ಮನೆ ಓದಿದರೆ ಸಾಲದು. ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಯಾವ ಮಾತು ಹೇಳಿ ನಮ್ಮ ಮನಸ್ಸು ಕರಗಿಸುತ್ತಾರೆ, ಎಲ್ಲ ಹುಡುಕಬೇಕು.

ರಮಿತಾ ತಮ್ಮ ಹೋಟೆಲಿನ ಬೋರ್ಡನ್ನೇ ಆರಿಸಿಕೊಂಡಳು. ಮರಾಠಿಯಲ್ಲಿ ಕೆಂಪು ಅಕ್ಷರ. ಇಲ್ಲಿ ಕೆಲಸ ಮಾಡುವ ನಾವೆಲ್ಲ ಒಂದೇ ಮನೆಯವರು, ಮನೆಯ ಪ್ರೀತಿಯಿಂದಲೇ ಬಡಿಸುತ್ತೇವೆ ಅಂತ ಇತ್ತು. ಮನಸ್ಸು ಕರಗಿಸುವ ಮಾತು 'ಮನೆಯವರು'. ಅದು ಈಸಿ. ಆದರೆ ಯಾರಿಗೆ? 'ಎಲ್ಲರಿಗೂ' ಅಂತ ಬರೆದಳು. ಸರಿಯೋ ತಪ್ಪೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಪಾತ್ರೆ ತೊಳೆಯುವ ಚಂದವ್ವ ಸೆರಗಿಗೆ ಕೈ ಒರೆಸುತ್ತ ಗಲ್ಲಾದ ಮುಂದೆ ಬಂದು ನಿಂತಳು.

"ಅಣ್ಣಾರ, ಊರಾಗ ಮಗಳ ಹೆರಿಗಿ ಅದ. ಚೊಚ್ಚಲು. ನಾ ಇಲ್ಲಂದ್ರ ಅಕಿಗಿ ಯಾರೂ ಇಲ್ರಿ. ಸ್ವಲ್ಪ ದಿನ ಬಿಡ್ರಿ."

"ಈಗ ಆಗುದಿಲ್ಲ ಮಾರಾಯ್ತಿ. ಗಣಪತಿ ಸೀಸನ್. ಹೋಗುದಾದರೆ ಮತ್ತೆ ಬರುದು ಬೇಡ."

ಚಂದವ್ವ ಒಳಗೆ ಹೋದಳು. ಒಳಗೆ ತಟ್ಟೆಗಳ ಸದ್ದು ಜೋರಾಯಿತು.

ರಮಿತಾಗೆ ಎಲ್ಲ ಕಲಸಿಹೋಯಿತು. ಪಪ್ಪ ಸುಳ್ಳು ಹೇಳುವವರಲ್ಲ. ಚಂದವ್ವನಿಗೆ ಜ್ವರ ಬಂದಾಗ ಅವರೇ ರಿಕ್ಷಾದಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದರು. ಹಾಗಾದರೆ ಬೋರ್ಡು ನಿಜ. ಹಾಗಾದರೆ ಈಗ ಹೇಳಿದ್ದು?

"ಪಪ್ಪಾ, ಕಾರ್ಕಳದಲ್ಲಿ ಅಜ್ಜಿಗೆ ಹುಷಾರಿಲ್ಲ ಅಂದಾಗ ನೀವು ಯಾರ ಹತ್ರ ರಜೆ ಕೇಳಿದ್ರಿ?"

"ಸ್ವಂತ ಹೋಟೆಲಿಗೆ ಎಂತ ರಜೆ ಕೇಳುದು?"

"ಚಂದವ್ವನೂ ನಮ್ಮ ಮನೆಯವರೇ ಅಲ್ವಾ? ಬೋರ್ಡಲ್ಲಿ..."

ಪಪ್ಪ ಅವಳ ಮುಖ ನೋಡಲಿಲ್ಲ. "ಬೋರ್ಡಿನ ವಿಷಯ ಬೇರೆ ಮಗಾ," ಅಂದರು. ಗಲ್ಲಾದ ಚಿಲ್ಲರೆ ಎಣಿಸತೊಡಗಿದರು.

ಮರುದಿನ ಭಾನುವಾರ. ಚಂದವ್ವ ಬರಲಿಲ್ಲ. ಬೆಳಗಿನ ಲೋಕಲ್ ಗಾಡಿಯಲ್ಲಿ ಕಲ್ಯಾಣ್ ಸ್ಟೇಷನ್ನಿಗೆ ಹೋದಳಂತೆ, ಅಲ್ಲಿಂದ ಜನರಲ್ ಡಬ್ಬಿಯಲ್ಲಿ ನಿಂತುಕೊಂಡೇ ಕಲಬುರಗಿಗೆ ಹೋಗುತ್ತಾಳಂತೆ ಅಂತ ದೋಸೆ ಹುಯ್ಯುವ ಶೇಖರಣ್ಣ ಹೇಳಿದ. ಪಪ್ಪ ಆಗಲೇ ಫೋನಿನಲ್ಲಿ ಬೇರೆ ಹೆಂಗಸನ್ನು ಹುಡುಕುತ್ತಿದ್ದರು.

ಅವತ್ತಿಗೆ ಅಮ್ಮನನ್ನು ಕರೆಸಿದರು. ಅಮ್ಮನ ಜೊತೆ ರಮಿತಾ ಕೂಡ ಲೋಟ ತೊಳೆಯಲು ನಿಂತಳು. ನೀರು ತಣ್ಣಗಿತ್ತು. ಬೆರಳೆಲ್ಲ ಸುಕ್ಕಾಯಿತು. ಲೋಟಗಳು ಬರುತ್ತಲೇ ಇದ್ದವು.

ಸೊಂಟ ನೆಟ್ಟಗೆ ಮಾಡಿ ಅವಳು ಮುಂಬಾಗಿಲ ಕಡೆ ನೋಡಿದಳು. ಚಂದವ್ವ ದಿನವಿಡೀ ನಿಲ್ಲುತ್ತಿದ್ದ ಜಾಗದಿಂದ ಕಾಣುತ್ತಿದ್ದುದು ಬಾಗಿಲ ಮೇಲಿನ ಬೋರ್ಡಿನ ಬೆನ್ನು. ಬಣ್ಣವಿಲ್ಲದ ಪ್ಲೈವುಡ್ಡು, ತುಕ್ಕು ಹಿಡಿದ ಮೊಳೆ. ಒಂದು ಅಕ್ಷರವೂ ಇರಲಿಲ್ಲ.

ಆಚೆ ರಸ್ತೆಯಲ್ಲಿ ಮಗುವನ್ನು ಎತ್ತಿಕೊಂಡಿದ್ದ ಒಬ್ಬರು ತಲೆಯೆತ್ತಿ ಬೋರ್ಡು ಓದಿದರು. ಓದಿ, ಸಣ್ಣಗೆ ನಕ್ಕು, ಒಳಗೆ ಬಂದು ಕೂತರು.