ಹೊಳೆಗೆ ಬಿಟ್ಟ ಕುಂಕುಮ

ಏಳು ದಿನ ಏಳು ಪೊಟ್ಟಣ ಕುಂಕುಮ ಕೊಂಡವನು ಒಂದು ದಿನವೂ ಅಜ್ಜಯ್ಯನ ಗುಡಿಯ ಮೆಟ್ಟಿಲು ಹತ್ತಲಿಲ್ಲ.

ಉಕ್ಕಡಗಾತ್ರಿಯ ಸ್ನಾನಘಟ್ಟದ ದಾರಿಯಲ್ಲಿ ಕಾಯಿ, ಕರ್ಪೂರ, ಕುಂಕುಮ ಮಾರುವ ಹಂಪವ್ವನಿಗೆ ಅದು ಗಂಟಲಲ್ಲಿ ಮುಳ್ಳಿನಂತೆ ನಿಂತಿತ್ತು. ಬಂದವರು ಮೊದಲು ಹೊಳೆಯಲ್ಲಿ ಮುಳುಗುತ್ತಾರೆ, ಒದ್ದೆ ಬಟ್ಟೆಯಲ್ಲೇ ಅಜ್ಜಯ್ಯನ ಮುಂದೆ ನಿಲ್ಲುತ್ತಾರೆ. ಇವನು ಮುಳುಗುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಎಂಟನೆಯ ದಿನವೂ ಬಂದ. "ಒಂದು ಪೊಟ್ಟಣ ಕೊಡ್ರಿ."

"ಇಷ್ಟು ಕುಂಕುಮ ಯಾವ ದೇವರಿಗೆ ಹಚ್ತೀರಿ?"

"ಹಚ್ಚಲ್ಲ."

"ಮತ್ತೆ ತಿಂತೀರೇನು?"

ಅವನು ನಗಲಿಲ್ಲ. ಕಣ್ಣು ಮಾತ್ರ ಒಂದು ಗಳಿಗೆ ಅವಳ ಹಸಿರು ಬಳೆಗಳ ಮೇಲೆ ಇಳಿದು, ಮುಖದವರೆಗೆ ಏರಲಾರದೆ, ಹೊಳೆಯ ಕಡೆ ಓಡಿಹೋಯಿತು. ಬಿಸಿಲು ಸುಟ್ಟ ಮುಖದಲ್ಲಿ ಕಣ್ಣೆರಡು ಇಷ್ಟು ತಣ್ಣಗೆ ಹೇಗಿವೆ ಎಂದು ಹಂಪವ್ವ ಯೋಚಿಸಿದಳು. ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು.

ಅವನು ಅತ್ತ ಹೋದ ಮೇಲೆ ಸೋದರತ್ತೆ ಓಬವ್ವ ಎಲೆಗೆ ಸುಣ್ಣ ಸವರುತ್ತ ಹೇಳಿದಳು: "ಕಡರನಾಯಕನಹಳ್ಳಿ ತಿಮ್ಮವ್ವನ ಮಗ, ಉಚ್ಚಂಗೆಪ್ಪ. ಆರು ವರ್ಷ ಅಂಡಮಾನಿನಾಗೆ ಇದ್ದು ಬಂದಾನಂತೆ. ಕರಿನೀರು ಅಂದ್ರೆ ಕೊಲೆ ಮಾಡಿದೋರ್ನ ಕಳಿಸೋ ಜಾಗ, ಗೊತ್ತೇನೇ?"

"ಅದು ಪರಂಗಿಯೋರ ಕಾಲ್ದಾಗೆ, ಅತ್ತಿ."

"ಕಾಲ ಹೋದ್ರೆ ನೀರು ಬೆಳ್ಳಗಾಗ್ತೈತೇನು?"

ಅಪ್ಪ ಕೆಂಚವೀರಪ್ಪ ನೇರವಾಗಿಯೇ ಹೇಳಿದ. "ಕುಂಕುಮ ತಗೊಂಡು ಗುಡಿಗೆ ಹೋಗ್ದೆ ಹೊಳಿಗೆ ಹೋಗೋನು ಮಾಟಗಾರನೇ. ಸೋಮವಾರ ಕಟ್ಟಿ ಮ್ಯಾಲೆ ಹಿರೇರು ಕೂಡ್ತಾರೆ. ಮಾರಿದಾಕಿ ನೀನು, ಹೋಗಿ ಕಣ್ಣಾರೆ ನೋಡಿ ಹೇಳು. ಅವನು ಮತ್ತೆ ಈ ಊರಿಗೆ ಕಾಲಿಡಬಾರ್ದು."

ಮತ್ತೆ ಕಾಲಿಡಬಾರದು. ಆ ಮಾತಿಗೆ ಎದೆಯೊಳಗೆ ಏನೋ ಜಾರಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನ ಹಿಂದೆಯೇ ಹೋದಳು. ಘಟ್ಟದ ಮೇಲುತುದಿಯ ಬಂಡೆಯ ಮೇಲೆ ಕುಳಿತು ಅವನು ಚಿಟಿಕೆ ಚಿಟಿಕೆಯಾಗಿ ಕುಂಕುಮವನ್ನು ನೀರಿಗೆ ಬಿಡುತ್ತಿದ್ದ. ಬಿಟ್ಟು, ಗಡಿಯಾರ ನೋಡಿ, ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ.

"ಕದ್ದು ನೋಡೋರು ಬಳೆ ಸದ್ದು ಮಾಡಬಾರ್ದು," ಎಂದ, ತಿರುಗದೆಯೇ.

"ಮಾಟ ಮಾಡೋರು ಹಗಲಾಗೆ ಮಾಡಬಾರ್ದು. ಯಾರ ಮ್ಯಾಲೆ ಇದು?"

"ನೀರಿನ ಮ್ಯಾಲೆ." ಈಗ ಸ್ವಲ್ಪ ನಕ್ಕ. "ಅಂಡಮಾನಿನಾಗೆ ನನ್ನ ನೌಕರಿ ಇದೇ. ದಿನಾ ಬೆಳಿಗ್ಗೆ ಕಡಲ ದಂಡಿ ಮ್ಯಾಲೆ ನಿಂತು, ತೆರಿ ಎಷ್ಟು ಎತ್ತರ, ಗಾಳಿ ಯಾವ ಕಡಿಂದ, ಸೆಳೆತ ಎಲ್ಲೈತೆ, ನೋಡಿ ಬೋರ್ಡಿನ ಮ್ಯಾಲೆ ಬರೀಬೇಕು. ದೋಣಿಯೋರು ಅದನ್ನ ಓದೇ ನೀರಿಗಿಳಿಯೋದು."

"ಕರಿನೀರಿಗೆ ಸುಮ್ಸುಮ್ನೆ ಯಾರ್ನೂ ಕಳಿಸಲ್ಲ."

"ನಂಗೆ ಸಂಬಳ ಕೊಟ್ಟು ಕಳಿಸ್ಯಾರೆ."

"ತೆರಿ ದೊಡ್ಡದಿದ್ದಲ್ಲಿ ಇಳೀಬಾರ್ದು. ಇಷ್ಟು ಹೇಳಾಕೆ ಒಂದು ನೌಕರಿನಾ?"

"ಎಲ್ಲಾರೂ ಹಂಗೇ ಅಂತಾರೆ. ತೆರಿ ನೊರಿಯಾಗಿ ಒಡಿಯೋ ಕಡೆ ನೀರು ದಂಡಿಗೇ ದೂಡ್ತೈತೆ. ಆದ್ರೆ ನಡುವೆ ಒಂದು ಕಡೆ ತೆರಿನೇ ಏಳಲ್ಲ, ಕೂಸು ಮಲಗಿದಂಗೆ ಕಾಣ್ತೈತೆ. ದಂಡಿಗೆ ಬಂದ ನೀರೆಲ್ಲ ತಿರುಗಿ ಹೋಗೋ ಬಾಗ್ಲು ಅದು. ಅಲ್ಲಿ ಇಳಿದೋರ್ನ ಒಳಕ್ಕೆ ಎಳಕಂಡು ಹೋಗ್ತೈತೆ."

"ಸಿಕ್ಕೋರು ಉಳಿಯೋದೇ ಇಲ್ಲೇನು?" ಕೇಳಬಾರದೆಂದುಕೊಂಡೇ ಕೇಳಿದಳು.

"ಎದುರಾಗಿ ಈಜಿದೋರು ಸೋತು ಮುಳುಗ್ತಾರೆ. ಅಡ್ಡಕ್ಕೆ ಈಜಿದೋರು ಉಳೀತಾರೆ." ಅವನು ಕೈ ಚಾಚಿದ. "ಹೊಳ್ಯಾಗೆ ತೆರಿ ಇಲ್ಲ, ಖರೆ. ಆದ್ರೆ ನಾನು ಹೋಗುವಾಗ ಈ ಮರಳುದಿಬ್ಬ ಇಲ್ಲಿರ್ಲಿಲ್ಲ. ಆ ಹುಣಸಿಮರದ ಕೆಳಗೆ ನೀರು ಸುಮ್ನೆ ನಿಂತಂಗೈತಲ್ಲ, ನಂಗೆ ಅದ್ರ ಮ್ಯಾಲೇ ಅನುಮಾನ. ಕುಂಕುಮ ಬಿಟ್ರೆ ಸೆಳೆತ ಎತ್ತ ಹೋಗ್ತೈತೆ ಅಂತ ಕಣ್ಣಿಗೆ ಕಾಣ್ತೈತೆ."

ಹಂಪವ್ವ ಹುಣಸೆಮರದ ಕಡೆ ತಿರುಗಿದಳು. ವರ್ಷದುದ್ದಕ್ಕೂ ಬಂದ ಹೆಂಗಸರಿಗೆಲ್ಲ ಅವಳು ಹೇಳುತ್ತಿದ್ದ ಮಾತು ಒಂದೇ: ಹುಣಸಿಮರದ ಕೆಳಗೆ ಹೋಗ್ರಿ ತಾಯಿ, ಅಲ್ಲಿ ನೀರು ಶಾಂತ ಐತೆ.

"ಹೊಳಿತಾಯಿ ಮ್ಯಾಲೆ ಸುಳ್ಳು ಹೇಳಬ್ಯಾಡ್ರಿ," ಎಂದವಳೇ ಸರಸರನೆ ಹೊರಟುಬಿಟ್ಟಳು.

ಭಾನುವಾರ ಬೆಳಕು ಹರಿಯುವಾಗ ಒಬ್ಬಳೇ ಹುಣಸೆಮರದ ಕೆಳಗೆ ಬಂದಳು. ಹೊಳೆತಾಯಿ ಗಂಗವ್ವನಿಗೆ ಕೈಮುಗಿದು ಪೊಟ್ಟಣ ಬಿಚ್ಚಿದಳು. ಕುಂಕುಮ ನೀರ ಮೇಲೆ ಹೂವಿನಂತೆ ಅರಳಿತು, ಮರುಗಳಿಗೆಗೆ ಕೆಂಪು ದಾರವಾಯಿತು. ಅವಳು ಅಜ್ಜಯ್ಯನ ಹೆಸರನ್ನು ಮೂರು ಸಲ ಹೇಳುವುದರೊಳಗೆ ಆ ದಾರ ದಂಡೆ ಬಿಟ್ಟು, ದಿಬ್ಬ ದಾಟಿ, ನಡುಹೊಳೆಯಲ್ಲಿ ಕಣ್ಮರೆಯಾಗಿತ್ತು. ಮೇಲಿನ ನೀರು ಮಾತ್ರ ಏನೂ ಅರಿಯದಂತೆ ಮಿನುಗುತ್ತಿತ್ತು.

ಹೋದ ವರ್ಷ ಲೋಕಿಕೆರೆಯಿಂದ ಬಂದ ಹೊಸ ಮದುಮಗಳೊಬ್ಬಳು ಇಲ್ಲಿ ಮುಳುಗಿದವಳು ಏಳಲಿಲ್ಲ. ಗಂಗವ್ವ ಕರೆದುಕೊಂಡಳು ಎಂದರು ಎಲ್ಲರೂ. ಹಂಪವ್ವನೂ ಅದನ್ನೇ ನಂಬಿದ್ದಳು. ನಂಬಿದರೆ ನಿದ್ದೆ ಬರುತ್ತಿತ್ತು.

ಸೋಮವಾರ ಕಟ್ಟೆಯ ಮುಂದೆ ಉಚ್ಚಂಗೆಪ್ಪ ಕೈಕಟ್ಟಿ ನಿಂತಿದ್ದ. "ಕಂಡಿದ್ದು ಹೇಳಮ್ಮ," ಎಂದ ಕೆಂಚವೀರಪ್ಪ.

"ಕುಂಕುಮ ಮಾರಿದ್ದು ನಾನೇ. ಇವ್ರು ಹೊಳಿಗೆ ಬಿಟ್ಟಿದ್ದೂ ಕಂಡೆ." ಹಂಪವ್ವ ಹಿರಿಯರ ಕಡೆ ತಿರುಗಿದಳು. "ನಿನ್ನೆ ನಾನೂ ಬಿಟ್ಟೆ. ಮಾಟ ಅನ್ನೋದಾದ್ರೆ ಇಬ್ರನ್ನೂ ಊರು ಬಿಡಿಸ್ರಿ. ಅದಕ್ಕೂ ಮುಂಚೆ ಒಂದ್ಸಲ ಬಂದು ನೋಡ್ರಿ. ಲೋಕಿಕೆರಿ ಹುಡುಗಿಗೆ ಆ ಜಾಗ ತೋರಿಸಿದಾಕಿ ನಾನು."

ಹಿರಿಯರು ಎದ್ದು ಹುಣಸೆಮರದ ಕೆಳಗೆ ಬಂದರು. ಎಲ್ಲರಿಗಿಂತ ಹಿರಿಯ ಬೋರಣ್ಣನೇ ಪೊಟ್ಟಣ ಬಿಚ್ಚಿ ಸುರಿದ. ಕೆಂಪು ದಾರ ಹೊಳೆಯೊಳಕ್ಕೆ ಓಡಿತು. ಎಲ್ಲರೂ ಅದನ್ನೇ ನೋಡಿದರು. ಉಚ್ಚಂಗೆಪ್ಪ ಮಾತ್ರ ಹೊಳೆಯನ್ನು ಬಿಟ್ಟು ಹಂಪವ್ವನನ್ನೇ ನೋಡುತ್ತಿದ್ದ. ಆ ದಿನ ಅವನ ಕಣ್ಣು ಓಡಿಹೋಗಲಿಲ್ಲ.

ದಾವಣಗೆರೆಯಿಂದ ಕೆಂಪು ಬಟ್ಟೆ ತಂದು, ಬಿದಿರಿನ ಕಂಬ ನೆಟ್ಟು ಬಾವುಟ ಏರಿಸಿ, ಯಾರೂ ಇಳಿಯದಂತೆ ಹುಣಸೆಮರದ ಕೆಳಗೆ ಹಗ್ಗ ಕಟ್ಟಿದರು. ಸಂಜೆಯೊಳಗೆ ಯಾರೋ ಕಂಬಕ್ಕೆ ಅರಿಸಿನ ಬಳಿದು ಅಡ್ಡಬಿದ್ದಿದ್ದರು. "ಪೂಜಿ ಮಾಡ್ಲಿ ಬಿಡ್ರಿ," ಎಂದ ಉಚ್ಚಂಗೆಪ್ಪ, "ದೇವರ್ನ ದಾಟಿ ಯಾರೂ ನೀರಿಗಿಳಿಯಲ್ಲ."

ಕೆಂಚವೀರಪ್ಪನ ಅನುಮಾನ ಮಾತ್ರ ಹರಿಯಲಿಲ್ಲ. "ನೀರು ಬಲ್ಲೋನೇ ಇರ್ಬೋದು. ಮನಿಷ್ಯಾ ಎಂಥೋನೋ."

ಉಚ್ಚಂಗೆಪ್ಪನ ರಜೆ ಮುಗಿಯುತ್ತ ಬಂದಿತ್ತು. ಮದರಾಸಿನಿಂದ ಹಡಗು ಹೊರಡಲು ಇನ್ನು ಹದಿನೈದು ದಿನ. ಅವನು ಅಂಗಡಿಯ ಮುಂದೆ ಬಂದು ನಿಂತ.

"ಒಂದು ಪೊಟ್ಟಣ ಕೊಡ್ರಿ."

"ಇನ್ನೂ ಎಲ್ಲೈತೆ ಅನುಮಾನ?"

"ಇಲ್ಲೇ, ಅಂಗಡಿ ಮುಂದೆ. ಮ್ಯಾಲೆ ಶಾಂತ ಕಾಣ್ತೈತೆ. ಮೊದಲ್ನೇ ದಿನದಿಂದ ಎಳೀತೈತೆ."

ಹಂಪವ್ವ ಕರ್ಪೂರದ ಡಬ್ಬಿಯ ಮುಚ್ಚಳವನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದಳು.

"ನಾಳೆ ನಿಮ್ಮಪ್ಪನ್ನ ಕೇಳ್ಲೇನು?" ಎಂದ ಮೆಲ್ಲಗೆ.

"ಎದುರಾಗಿ ಹೋದ್ರೆ ಮುಳುಗ್ತೀರಿ." ಅವಳು ಪೊಟ್ಟಣವನ್ನು ಅವನ ಅಂಗೈಯಲ್ಲಿಟ್ಟಳು. "ಇದು ಹೊಳಿಗಲ್ಲ. ನಿಮ್ಮವ್ವನ ಕೈಗೆ ಕೊಡ್ರಿ. ಅವ್ರು ಮೊದ್ಲು ನಮ್ಮ ಓಬವ್ವತ್ತಿ ಹತ್ರ ಬರ್ಲಿ. ಅಡ್ಡಕ್ಕೆ ಹೋಗ್ರಿ."

ಹೆಣ್ಣು ಗೊತ್ತುಮಾಡುವ ದಿನ ಗಂಡಿನ ತಾಯಿಯೇ ಹಣೆಗೆ ಕುಂಕುಮ ಇಡುವುದು ಆ ಕಡೆಯ ಪದ್ಧತಿ. ಅವನು ಪೊಟ್ಟಣವನ್ನು ನೋಡಿದ, ಅವಳನ್ನು ನೋಡಿದ, ಘಟ್ಟಕ್ಕೆ ನಡೆದ.

ಹಗ್ಗದ ಈಚೆ ಅವನು ಮೊದಲ ಸಲ ಹೊಳೆಗಿಳಿದು ಮೂರು ಮುಳುಗು ಹಾಕುವುದನ್ನು ಹಂಪವ್ವ ನೋಡಿದಳು. ಒದ್ದೆ ಬಟ್ಟೆಯಲ್ಲೇ ಅವನು ಅಜ್ಜಯ್ಯನ ಮೆಟ್ಟಿಲು ಹತ್ತಿದ. ಪೊಟ್ಟಣ ನೆನೆಯದಂತೆ ಒಂದು ಕೈಯನ್ನು ಇನ್ನೂ ಎತ್ತರಕ್ಕೆ ಹಿಡಿದೇ ಇದ್ದ.