ಬೈಲಪ್ಪನ ಐನೂರು ಬಡಿತ

"ಲೇ ಬೈಲಪ್ಪ, ಬ್ರೇಕ್ ಹಾಕ್ಲಾ!"

ಹಾಕಲಿಲ್ಲ!

ಬಸ್ಸು ಕೆರೆ ಏರಿಯ ಮೇಲೆ ಹಾರುತ್ತಿತ್ತು. ಎಡಕ್ಕೆ ನೀರು. ಬಲಕ್ಕೆ ಇಪ್ಪತ್ತಡಿ ಹಳ್ಳ. ಬಾಗಿಲಿಗೆ ಹಗ್ಗ ಬಿಗಿದಿತ್ತು, ನಡುವೆಲ್ಲ ಕಡಲೆಕಾಯಿ ಮೂಟೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಇಲಿಯಂತೆ ಸಿಕ್ಕಿಬಿದ್ದಿದ್ದೆ.

ಬೈಲಪ್ಪನ ಒಂದು ಕೈ ಸ್ಟೇರಿಂಗಿನ ಮೇಲೆ... ಇನ್ನೊಂದು ಎದೆಯ ಮೇಲೆ!

ಹಿಂದೆ ಡಾಕ್ಟರ್ ಕಮಲಾಕ್ಷಮ್ಮನವರ ಜೀಪು ಹಾರನ್ ಒತ್ತಿಕೊಂಡೇ ಬರುತ್ತಿತ್ತು.

ತಪ್ಪು ನನ್ನದೇ ಸ್ವಾಮಿ. ನಾನು ಶಿರಾದ ಕಲಂದರ್. ಬಸ್ ಮಾಲೀಕ ವೀರಭದ್ರಯ್ಯನ ಹೊಲಸು ಕೆಲಸವೆಲ್ಲ ನನ್ನದು. ಅರವತ್ತಾರನೇ ಇಸವಿ. ಆ ಬೆಳಿಗ್ಗೆ ಮಧುಗಿರಿಯಲ್ಲಿ ಡಾಕ್ಟರಮ್ಮನ ಮೇಜಿನಿಂದ ಒಂದು ಕಾಗದ ಎಗರಿಸಿದ್ದೆ. ಬೈಲಪ್ಪನ ಕೈಗೆ ಗಾಡಿ ಕೊಡಬಾರದು ಎಂದು ಅದರಲ್ಲಿತ್ತು. ಪಾವಗಡದಲ್ಲಿದ್ದ ಮಾಲೀಕನಿಗೆ ಟ್ರಂಕ್ ಕಾಲ್ ಮಾಡಿ, ಕೆಲಸ ಆಯ್ತು ಎಂದೆ. ಬೇರೆ ಡ್ರೈವರ್ ಸಿಗದೆ ಒದ್ದಾಡುತ್ತಿದ್ದ ಅವನು ತಕ್ಷಣ ಬೈಲಪ್ಪನನ್ನು ಡ್ಯೂಟಿಗೆ ಹಾಕಿದ. ಅದೂ ನಾನು ಹತ್ತಿದ ಬಸ್ಸಿಗೇ! ಮಾಡಿದ್ದುಣ್ಣೋ ಮಹಾರಾಯ.

"ಆವಮ್ಮ ನನ್ ಕೆಲ್ಸ ಕಿತ್ಕೊಳ್ಳಾಕೆ ಬತ್ತಾವ್ಳೆ ಸಾಬ್ರೇ! ನಿಲ್ಸಾಕಿಲ್ಲ!"

"ನಿನ್ ಜೀವ ಉಳ್ಸಾಕೆ ಕಣ್ಲಾ!"

"ಸುಳ್ಳು! ನಾಡಿ ಹಿಡ್ದಾಗ ಸರಿಯಾಗೈತೆ ಅಂದಿದ್ಲು!"

ಕಾಗದ ತೋರಿಸಿದರೆ ವೀರಭದ್ರಯ್ಯ ನನ್ನ ಚರ್ಮ ಸುಲಿಯುತ್ತಾನೆ. ತೋರಿಸದಿದ್ದರೆ ಐವತ್ತು ಜನ ಕೆರೆಗೆ. ಹೆದರಿದೆ... ಸುಳ್ಳೇಕೆ ಹೇಳಲಿ?

ಹಿಂದಿನ ಸೀಟಿನ ಮುದುಕಿ ಮಾರಕ್ಕ ಕಿರುಚಿದಳು. "ಅಯ್ಯಯ್ಯೋ, ಗಾಡಿ ವಾಲ್ತಾ ಐತೆ ಕಣ್ರಪ್ಪೋ!"

ಜೇಬಿನಿಂದ ಕಾಗದ ಎಳೆದೆ.

"ನೋಡಿಲ್ಲಿ, ಡಾಕ್ಟರಮ್ಮ ಬರ್ದಿರೋದು! ಮಿಷನ್ ಇಟ್ಟು ನಿನ್ ಎದೆಯ ಐನೂರು ಬಡಿತ ಅಳ್ದವ್ರೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ಎಷ್ಟು ಹೊತ್ತು ಅಂತ ಒಂದೊಂದು ಚುಕ್ಕೆ. ಪಕ್ಕದಾಗಿರೋದು ನೂರು ಡ್ರೈವರ್‌ಗಳದ್ದು. ಎಲ್ಲಾ ಒತ್ತೊತ್ತಾಗವೆ. ನಿನ್ನವು?"

ಓರೆಗಣ್ಣಿನಲ್ಲಿ ನೋಡಿದ. ಅವನ ಚುಕ್ಕೆಗಳು ನೆಲಕ್ಕೆ ಚೆಲ್ಲಿದ ರಾಗಿಯಂತಿದ್ದವು.

"ಆ ದೂರದಾಗಿರೋವು?"

"ಅಷ್ಟೊತ್ತು ನಿನ್ ಎದೆ ಬಡ್ದೇ ಇಲ್ಲ! ಒಂದು ಗಳಿಗೆ ನಾಡಿ ಹಿಡಿದ್ರೆ ಅದು ಸಿಕ್ಕಾಕಿಲ್ಲ. ಐನೂರು ಅಳ್ದಾಗ ಸಿಕ್ತು. ಕಣ್ಣು ಕತ್ಲೆ ಬರಲ್ವೇನ್ಲಾ?"

"ಬತ್ತದೆ..." ಎಂದ. "ಈಗ್ಲೂ..."

ತಲೆ ವಾಲಿತು!

ಸ್ಟೇರಿಂಗಿಗೆ ಹಾರಿದೆ. ಹ್ಯಾಂಡ್‌ಬ್ರೇಕ್ ಜಗ್ಗಿದೆ. ಮುಂದಿನ ಚಕ್ರ ಏರಿಯ ಅಂಚು ಕೆರೆದುಕೊಂಡು ನಿಂತಿತು.

ಡಾಕ್ಟರಮ್ಮ ಓಡಿಬಂದು ಅವನ ಕತ್ತು ಮುಟ್ಟಿ ನೋಡಿದರು.

"ಜೀವ ಇದೆ. ತುಮಕೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ತೋರಿಸ್ಬೇಕು, ಕಾಗದ ಕೊಡ್ರೀ ಇಲ್ಲಿ!"

ಕೊಟ್ಟೆ. ಜೀಪು ಹೊರಟಿತು.

"ಈಗ ಗಾಡಿ ಯಾರು ಓಡ್ಸೋರಪ್ಪಾ?" ಎಂದಳು ಮಾರಕ್ಕ. ಐವತ್ತು ಜನ ನನ್ನನ್ನೇ ನೋಡಿದರು. ನನ್ನ ಹತ್ತಿರ ಲೈಸೆನ್ಸ್ ಇತ್ತು... ಹಾಳಾದ್ದು!

ಪಾವಗಡದ ಸ್ಟ್ಯಾಂಡಿನಲ್ಲಿ ವೀರಭದ್ರಯ್ಯ ಇಬ್ಬರು ದಾಂಡಿಗರೊಂದಿಗೆ ಕೈ ಚಾಚಿ ನಿಂತಿದ್ದ.

"ಎಲ್ಲೋ ಕಾಗದ?"

"ಬೈಲಪ್ಪನ ಜೊತೆ ಆಸ್ಪತ್ರೆಗೆ ಹೋಯ್ತು ಯಜಮಾನ್ರೇ... ಅವ್ನು, ನಾನು... ಇಬ್ರಲ್ಲಿ ಒಬ್ಬನ್ನ ಉಳ್ಸಾಕಷ್ಟೇ ಟೈಮಿತ್ತು!"